ಕಮಾನು ಕೂಡದ ಜಾಗ

ಗಂಗಕ್ಕ, ಆ ಬೋರ್ಡುಗಳು ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ನನ್ನ ಚಿತ್ರದಿಂದ. ಅದು ನನಗೆ ಅಂದೇ ಗೊತ್ತಿತ್ತು.

ಬನಹಟ್ಟಿಯ ಆ ಚಿಕ್ಕ ವರ್ಕ್‌ಶಾಪಿನಲ್ಲಿ, ನೂಲು ಹರಿದರೆ ಪವರ್‌ಲೂಮನ್ನು ತಾನಾಗಿ ನಿಲ್ಲಿಸುವ ಸರ್ಕಿಟ್ ಬೋರ್ಡು ಮಾಡುತ್ತಿದ್ದೆವು. ನಾನು ಕಂಪ್ಯೂಟರಿನಲ್ಲಿ ತಾಮ್ರದ ಗೆರೆಗಳ ಚಿತ್ರ ಬರೆಯುತ್ತಿದ್ದೆ. ನೀವು ಅದನ್ನು ತಾಮ್ರದ ಹಾಳೆಯ ಮೇಲೆ ಇಳಿಸಿ, ಬೇಡದ ತಾಮ್ರವನ್ನು ಆಸಿಡ್‌ನಲ್ಲಿ ಕರಗಿಸುತ್ತಿದ್ದಿರಿ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಬೆಳೆದ ನಿಮಗೆ ಗಡಿಯಾರ ಬೇಕಿರಲಿಲ್ಲ — ಕಣ್ಣಳತೆಯಲ್ಲೇ ಬೋರ್ಡು ಎತ್ತುತ್ತಿದ್ದಿರಿ.

ಹೊಸ ಬೋರ್ಡಿನಲ್ಲಿ ನಾನು ಗೆರೆಗಳ ಮೂಲೆಗಳನ್ನು ಕಮಾನಿನಂತೆ ಬಾಗಿಸಿದೆ. ಚೆಂದ ಕಾಣಲೆಂದು — ಅಷ್ಟೇ. ಹದಿನೈದು ದಿನದಲ್ಲಿ ರಬಕವಿಯ ಮಗ್ಗದವರಿಂದ ದೂರು ಬಂತು. ಮಗ್ಗದ ಅದುರಾಟಕ್ಕೆ ತಾಮ್ರದ ಗೆರೆಗಳು ತುಂಡಾಗುತ್ತಿದ್ದವು. ನೂಲು ಹರಿದರೂ ಮಗ್ಗ ನಿಲ್ಲದೆ ಸೀರೆಗಳು ಹಾಳಾಗಿದ್ದವು. ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟಿರೇನು ಎಂದು ಮಾಲೀಕರು ನಿಮ್ಮನ್ನೇ ಕೇಳಿದರು. ನೀವು ನನ್ನ ಮೇಜಿನ ಹತ್ತಿರ ಬಂದಿರಿ.

"ತಮ್ಮಾ, ನನ್ನ ಕಡೆ ತಪ್ಪಾಗಿಲ್ಲ ಅನಸ್ತೈತಿ. ನಿನ್ನ ಚಿತ್ರ ಒಂದ್ಸಲ ನೋಡು."

"ನೋಡೀನ್ರಿ ಅಕ್ಕಾ. ಎಲ್ಲಾ ಬರೋಬರಿ ಐತಿ."

ನೋಡಿದ್ದು ನಿಜ. ಅಂದು ಬೆಳಿಗ್ಗೆಯೇ ಪರದೆಯ ಮೇಲೆ ಆ ಮೂಲೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೆ. ನಮ್ಮ ಹಳೆಯ ಸಾಫ್ಟ್‌ವೇರ್ ಅಳತೆಗಳನ್ನು ಪೂರ್ಣಾಂಕದಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು, ದಶಮಾಂಶ ಉದುರಿಹೋಗುತ್ತಿತ್ತು. ನೇರ ಗೆರೆಗೆ ಅಷ್ಟು ಸಾಕು. ಕಮಾನಿಗೆ ಸಾಲದು — ಅದರ ತುದಿ ಬೀಳಬೇಕಾದಲ್ಲಿ ಬೀಳದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಸೇರಬೇಕಾದ ಎರಡು ಗೆರೆಗಳು ಬರೀ ಅಂಚು ತಾಗಿಸಿಕೊಂಡು ನಿಂತಿದ್ದವು.

ಹೇಳಬೇಕಿತ್ತು. ಹೇಳಿದ್ದರೆ — ಕೆಲಸವೇನೂ ಹೋಗುತ್ತಿರಲಿಲ್ಲ. ಮಾಲೀಕರೆದುರು ಸಣ್ಣವನಾಗುತ್ತಿದ್ದೆ, ಅಷ್ಟೇ. ಮುಂದಿನ ವಾರ ಕಮಾನುಗಳನ್ನೆಲ್ಲ ಅಳಿಸಿ, ಯಾರಿಗೂ ಹೇಳದೆ ನೇರ ಗೆರೆ ಎಳೆದೆ. ಅಷ್ಟರಲ್ಲಿ ನಿಮ್ಮನ್ನು ಕೆಲಸದಿಂದ ಬಿಡಿಸಿ ಬೇರೊಬ್ಬರನ್ನು ತಂದಿದ್ದರು. ಬೋರ್ಡು ಸರಿಹೋಯಿತು. ತಪ್ಪು ನಿಮ್ಮದೇ ಎಂಬುದಕ್ಕೆ ಎಲ್ಲರಿಗೂ ಅದೇ ಸಾಕ್ಷಿಯಾಯಿತು. ನಿಮಗೂ.

ನೀವು ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕುಳಿತಿರೆಂದು ಕೇಳಿದೆ. ಆ ಓಣಿಗೆ ಮತ್ತೆ ಕಾಲಿಡಲಿಲ್ಲ.

ಇಷ್ಟೇ ಆಗಿದ್ದರೆ — ಇಷ್ಟೇ ಅಲ್ಲ. ಎಷ್ಟೋ ವರ್ಷಗಳ ಮೇಲೆ, ಹೋದ ತಿಂಗಳು, ಜಮಖಂಡಿಯ ಬಸ್ ನಿಲ್ದಾಣದಲ್ಲಿ ನೀವೇ ನನ್ನ ಗುರುತು ಹಿಡಿದು ಮಾತಾಡಿಸಿದಿರಿ. ಪಕ್ಕದಲ್ಲಿ ನಿಮ್ಮ ಮಗಳು ನಿಂತಿದ್ದಳು.

"ಆವತ್ತ ನನ್ನ ಕೈಯಾಗ ತಪ್ಪಾಗಿತ್ತು ತಮ್ಮಾ. ಸುಮ್ನ ನಿನ್ನ ಮ್ಯಾಲ ಹಾಕಾಕ ಬಂದಿದ್ದೆ. ಮನಸಿನ್ಯಾಗ ಇಟ್ಕೋಬ್ಯಾಡ."

ನಾನು "ಇರಲಿ ಬಿಡ್ರಿ ಅಕ್ಕಾ" ಎಂದೆ. ನಿಮ್ಮನ್ನು ಕ್ಷಮಿಸಿದವನಂತೆ ತಲೆಯಾಡಿಸಿ ಬಸ್ಸು ಹತ್ತಿದೆ.

ಮೊದಲ ಸುಳ್ಳಿಗೆ ಹೆದರಿಕೆಯಾದರೂ ಇತ್ತು. ಇದಕ್ಕೆ — ಏನೂ ಇರಲಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಮಾಲೀಕರಿಗೆ ಕೊಟ್ಟು ಬಂದಿದ್ದೇನೆ. ನೀವು ಇದನ್ನು ಮಗಳಿಂದಲೇ ಓದಿಸಿರಿ, ಗಟ್ಟಿಯಾಗಿ. ಮಾಡದ ತಪ್ಪನ್ನು ನೀವು ಒಪ್ಪಿಕೊಂಡದ್ದು ಅವಳೆದುರಿಗೆ.