ನಗದಿದ್ದರೆ ಶಾಲು ಹಾಕಿ

ಉಡುಪಿಯ ಟಾಕೀಸಿನಲ್ಲಿ ಕಳೆದ ತಿಂಗಳು ಒಂದು ಫಿಲ್ಮು ನೋಡಿದೆ. ಮುದಿ ಹಾಸ್ಯಗಾರನೊಬ್ಬನ ಕಥೆ. ಇಡೀ ಟಾಕೀಸು ಅತ್ತಿತು. ಅಳದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ ನನ್ನ ಪಕ್ಕದಲ್ಲಿ ಕೂತಿದ್ದ ನಿಜವಾದ ಮುದಿ ಹಾಸ್ಯಗಾರ.

(ಟಾಕೀಸು ಎಂದು ಬರೆದರೆ ಸಂಪಾದಕರು ‘ಚಿತ್ರಮಂದಿರ’ ಎಂದು ತಿದ್ದುತ್ತಾರೆ. ತಿದ್ದಲಿ. ಅಲ್ಲಿಯ ಬೆಂಚಿನ ತಿಗಣೆಗೆ ಎರಡೂ ಒಂದೇ.)

ಪಕ್ಕದಲ್ಲಿದ್ದವನು ನನ್ನ ತಮ್ಮ ತ್ಯಾಂಪ. ಯಕ್ಷಗಾನ ಮೇಳದಲ್ಲಿ ಹಾಸ್ಯಗಾರ. ಮೀಸೆ ಮೂಡುವ ಮೊದಲು ಗೆಜ್ಜೆ ಕಟ್ಟಿದವನು, ಮೀಸೆ ಪೂರ್ತಿ ಬೆಳ್ಳಗಾದ ಮೇಲೂ ಬಿಚ್ಚಿರಲಿಲ್ಲ. ರಾಜನ ದೂತ ಅವನೇ, ಸೂಲಗಿತ್ತಿ ಅವನೇ, ಅಗಸ ಅವನೇ, ದಕ್ಷಿಣೆಗೆ ಕೈಯೊಡ್ಡುವ ಪುರೋಹಿತ ಅವನೇ. ಕಾಪುವಿನಿಂದ ಕಾರ್ಕಳದವರೆಗೆ ಅವನ ಹೆಸರು ಹೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ‘ಯಾರು?’ ಎಂದು ಕೇಳುತ್ತಿದ್ದರು. ಈಗ ಪರ್ಕಳದಲ್ಲಿ ನನ್ನ ಚಾದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ. ಏಕೆ ಎಂದು ಹೇಳುತ್ತೇನೆ.

ಮೇಳದ ಹಾಸ್ಯಗಾರನಿಗೆ ಒಂದು ಕ್ರಮ ಉಂಟು. ರಾತ್ರಿ ಯಕ್ಷಗಾನದ ಆಟ ಇರುವ ಊರಿಗೆ ಮಧ್ಯಾಹ್ನವೇ ಹೋಗಬೇಕು. ಹೋಟೆಲಿನಲ್ಲಿ ಕೂರಬೇಕು, ಕ್ಷೌರದ ಅಂಗಡಿಯಲ್ಲಿ ಕೂರಬೇಕು, ನಾಲ್ಕು ಮನೆಯ ಜಗಲಿ ಹತ್ತಬೇಕು. ಯಾರ ಹೋರಿ ಯಾರ ತೋಟಕ್ಕೆ ನುಗ್ಗಿತು, ಯಾರು ಹೊಸ ಸೈಕಲು ತಂದು ಹಳೆಯ ಬಾವಿಗೆ ಬಿದ್ದರು, ಎಲ್ಲ ಕೇಳಿಕೊಳ್ಳಬೇಕು. ರಾತ್ರಿ ಅದೇ ಸುದ್ದಿ ದೇವಲೋಕದ ದೂತನ ಬಾಯಿಯಲ್ಲಿ ಬಂದಾಗ ಊರು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಮ್ಮ ಸುದ್ದಿ ಇಂದ್ರನವರೆಗೆ ಹೋಯಿತಲ್ಲ ಎಂಬ ಸಂತೋಷ.

ಮೇಳದ ಕಳೆದ ತಿರುಗಾಟದಲ್ಲಿ ತ್ಯಾಂಪನ ಮೊಣಕಾಲು ಹಿಡಿದಿತ್ತು. ಅಲೆವೂರಿನಲ್ಲಿ ಆಟ. ಊರು ಸುತ್ತಲಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕಡೆಯೇ, ಮಲಗಿದ. ಹೋದ ವರ್ಷದ ಮಾತು ನೆನಪಿತ್ತಲ್ಲ, ಸಾಕು ಎಂದುಕೊಂಡ.

ಹೋದ ವರ್ಷದ ಮಾತು ಎಂತದ್ದು? ಆ ಊರಿನ ಸೂರಪ್ಪಣ್ಣನದ್ದು. ಅವರು ರೇಡಿಯೋ ತಂದಿದ್ದರು. ವಾರ್ತೆ ಕೇಳದೆ ಅವರ ಎಮ್ಮೆ ಹಾಲು ಕೊಡುವುದಿಲ್ಲ ಎಂದು ತ್ಯಾಂಪ ಹೇಳಿದ್ದ. ಊರು ಬಿದ್ದು ಬಿದ್ದು ನಕ್ಕಿತ್ತು, ಸೂರಪ್ಪಣ್ಣನೇ ಎಲ್ಲರಿಗಿಂತ ಹೆಚ್ಚು. ಈ ವರ್ಷ ದೂತನಾಗಿ ಬಂದ ತ್ಯಾಂಪ ಕಿವಿಗೆ ಕೈಯಿಟ್ಟು, “ಎಂತ, ಸೂರಪ್ಪಣ್ಣನ ರೇಡಿಯೋ ಕೇಳುದಿಲ್ಲ? ಮಲಗಿದ್ದಾರಾ? ಯಾರಾದರೂ ಹೋಗಿ ಎಬ್ಬಿಸಿಕೊಂಡು ಬನ್ನಿ!” ಎಂದ.

ಸೂರಪ್ಪಣ್ಣ ಮಳೆಗಾಲದಲ್ಲೇ ತೀರಿಹೋಗಿದ್ದರು.

ಚೆಂಡೆಯವನು ಕೋಲು ಕೆಳಗಿಟ್ಟನಂತೆ. ಮುಂದಿನ ಸಾಲಿನಲ್ಲಿದ್ದ ಅವರ ಮಗ ಶೇಖರ ಎದ್ದು ಹೋದ. ಅವನ ಹಿಂದೆ ಅರ್ಧ ಊರು ಹೋಯಿತು.

ಮೇಳ ನಡೆಸುವ ಯಜಮಾನರು ತಿರುಗಾಟ ಮುಗಿಯುವವರೆಗೆ ಕಾದರು. ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರಲ್ಲ, ಆಗ ಮುಂದಿನ ವರ್ಷಕ್ಕೆ ಬೇಕಾದವರ ಕೈಗೆ ವೀಳ್ಯ ಕೊಡುವುದು ಆ ಮೇಳದ ಪದ್ಧತಿ. ಸಾಲಿನಲ್ಲಿ ಕೊಡುತ್ತಾ ಬಂದರು. ತ್ಯಾಂಪ ಕೈ ಚಾಚಿದ್ದ. ಅವರು ಅವನನ್ನು ದಾಟಿ ಪಕ್ಕದವನಿಗೆ ಕೊಟ್ಟರು. ಅಷ್ಟೇ.

ಇನ್ನು ಫಿಲ್ಮಿಗೆ ಬರುತ್ತೇನೆ. ಅಲೆವೂರಿನ ಶಾಲೆಯ ವಸಂತ ಮಾಸ್ಟ್ರು ನನ್ನ ಅಂಗಡಿಗೆ ಚಾ ಕುಡಿಯಲು ಬರುವವರು. ಅವರೇ ಹೇಳಿದ್ದು, “ಗಿರಿಜಕ್ಕ, ತ್ಯಾಂಪಣ್ಣನನ್ನು ಆ ಫಿಲ್ಮಿಗೆ ಕರಕೊಂಡು ಹೋಗಿ, ಅವರದ್ದೇ ಕಥೆ.” ಹೋದೆವು. ಅಕ್ಕತಮ್ಮ ಒಟ್ಟಿಗೆ ಕೂರಲು ಗೇಟಿನವನ ಹತ್ತಿರ ಜಗಳ ಮಾಡಬೇಕಾಯಿತು. (ಹೆಂಗಸರ ಬೆಂಚು ಬೇರೆಯಂತೆ! ಅವನ ಮೊಣಕಾಲನ್ನು ನೀನು ಹಿಡಿದುಕೊಳ್ಳುತ್ತೀಯಾ ಎಂದು ಕೇಳಿದೆ. ಬಿಟ್ಟ.)

ಹಿಂದಿ ಫಿಲ್ಮು. ನಮಗೆ ಹಿಂದಿ ಬರುವುದಿಲ್ಲ. ಆದರೆ ನಗು ಬಾರದ ಜಾಗ ಯಾವುದೆಂದು ತಿಳಿಯಲು ಭಾಷೆ ಬೇಕಾ? ಬಿಗಿ ಕೋಟು ಹಾಕಿದ ಒಬ್ಬ ಮನುಷ್ಯ ಸ್ಟೇಜಿನ ಮೇಲೆ ಒಬ್ಬನೇ ನಿಂತು ಮಾತಾಡುತ್ತಾನೆ, ಆಡಿನ ಹಾಗೆ ಕೂಗುತ್ತಾನೆ. ಪ್ರಾಯದಲ್ಲಿ ಜನ ನಗುತ್ತಾರೆ, ವಯಸ್ಸಾದ ಮೇಲೆ ನಗುವುದಿಲ್ಲ. ಮ್ಯಾನೇಜರು ಹೊರಗೆ ಹಾಕುತ್ತಾನೆ. ಕನ್ನಡಿ ಮುಂದೆ ಕೂತು ಅಳುತ್ತಾನೆ. ಕೊನೆಗೆ ಊರವರು ದೊಡ್ಡ ಸಭೆ ಮಾಡಿ ಕುರ್ಚಿಯಲ್ಲಿ ಕೂರಿಸಿ ಮಾಲೆ ಹಾಕುತ್ತಾರೆ. ಮಾಲೆಯೊಳಗೆ ಅವನ ಮುಖ ಕಾಣುವುದೇ ಇಲ್ಲ. ಟಾಕೀಸಿನಲ್ಲಿ ಸೆರಗು, ಕರವಸ್ತ್ರ ಎಲ್ಲ ಹೊರಗೆ ಬಂದವು.

ಹೊರಗೆ ಬಂದು ಗೋಳಿಬಜೆ ತಿನ್ನಲು ಕೂತಾಗ ತ್ಯಾಂಪ ಉರಿಯುತ್ತಿದ್ದ. (ನಾವು ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.)

“ಮ್ಯಾನೇಜರು ಕೆಟ್ಟವನಂತೆ, ಜನ ಕೆಟ್ಟವರಂತೆ, ಹಣೆಬರಹ ಕೆಟ್ಟದ್ದಂತೆ. ಅಲ್ಲ ಅಕ್ಕ, ಆ ಮನುಷ್ಯ ಕಪ್ಪು ಕೂದಲಿನಲ್ಲಿ ಮಾಡಿದ್ದೇ ಆಡಿನ ಕೂಗು, ಬಿಳಿ ಕೂದಲಿನಲ್ಲೂ ಅದೇ ಆಡಿನ ಕೂಗು! ಆಡಿಗೂ ನಾಚಿಕೆ ಆಗಬೇಕು. ಊರಿಂದ ಊರಿಗೆ ರೈಲಿನಲ್ಲಿ ಹೋದ, ನೇರ ಸ್ಟೇಜು ಹತ್ತಿದ. ಒಂದು ಹೋಟೆಲಿಗೆ ಹೋಗಲಿಲ್ಲ, ಒಬ್ಬನನ್ನು ಮಾತಾಡಿಸಲಿಲ್ಲ. ಯಾರು ನಗುದು?”

“ನೀನು ಅಲೆವೂರಿನಲ್ಲಿ ಎಂತ ಮಾಡಿದ್ದು?” ಎಂದು ಕೇಳಿದೆ.

ಅವನು ಗೋಳಿಬಜೆ ಕೆಳಗಿಟ್ಟ. ಎದ್ದು ಬಸ್ಸಿನ ಕಡೆ ಹೊರಟ. ಪಾಪ ಎನ್ನುತ್ತೀರಾ? ಆ ಪಾಪದಿಂದಲೇ ಅವನು ಗೋಡೆ ನೋಡುತ್ತಾ ಕೂತದ್ದು. ಬಂದವರೆಲ್ಲ “ಪಾಪ, ಕಾಲ ಕೆಟ್ಟಿತು ತ್ಯಾಂಪಣ್ಣ” ಎನ್ನುತ್ತಿದ್ದರು. ಕಾಲ ಕೆಟ್ಟಿರಲಿಲ್ಲ. ಕಾಲು ಕೆಟ್ಟಿತ್ತು, ಅದಕ್ಕೆ ಸೋಮಾರಿತನ ಸೇರಿತ್ತು. ಅದನ್ನು ಅವನಿಗೆ ಯಾರಾದರೂ ಹೇಳಬೇಕಿತ್ತು.

ಎರಡು ದಿನ ಬಿಟ್ಟು ವಸಂತ ಮಾಸ್ಟ್ರು ಪುನಃ ಬಂದರು. ಈ ಸಲ ಅವರ ಊರಿನ ಗಣೇಶ ಚೌತಿಯ ಕಮಿಟಿಯ ಅಧ್ಯಕ್ಷರೂ ಜೊತೆಯಲ್ಲಿದ್ದರು.

“ತ್ಯಾಂಪಣ್ಣ, ನಮ್ಮ ಊರಿನಿಂದ ನಿಮಗೆ ಮೇಳ ತಪ್ಪಿತು. ನಮಗೆ ಬೇಸರ ಉಂಟು. ಚೌತಿಯ ದಿನ ಮಧ್ಯಾಹ್ನ ಊಟ ಆದ ಮೇಲೆ ನಿಮಗೆ ಒಂದು ಸನ್ಮಾನ ಇಟ್ಟಿದ್ದೇವೆ. ಶಾಲು, ಹಣ್ಣು, ಹಾರ” ಎಂದರು ಅಧ್ಯಕ್ಷರು.

ನಮ್ಮ ಕಡೆ ಶಾಲು ಹೊದಿಸುವುದೆಂದರೆ ಎಂತ ಎಂದು ಓದುವ ನಿಮಗೆ ಗೊತ್ತುಂಟಲ್ಲ? ಆಮೇಲೆ ಆ ಮನುಷ್ಯನನ್ನು ಯಾರೂ ವೇಷಕ್ಕೆ ಕರೆಯುವುದಿಲ್ಲ. ಸಭೆಗೆ ಕರೆಯುತ್ತಾರೆ. ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕಲ್ಲಂಗಡಿಯ ಮೊದಲ ಹೋಳು ಕೊಡುತ್ತಾರೆ. ಮುಗಿಯಿತು.

ತ್ಯಾಂಪ ಗೋಡೆ ಕಡೆಯಿಂದ ತಿರುಗಿದ. “ಶಾಲಿನ ಮೊದಲು ಅರ್ಧ ಗಂಟೆ ನನಗೆ ಕೊಡಿ. ಚೆಂಡೆ ಬೇಡ, ವೇಷ ಬೇಡ. ಆ ಫಿಲ್ಮಿನವನ ಹಾಗೆ ಒಬ್ಬನೇ ನಿಂತು ಮಾತಾಡುತ್ತೇನೆ. ನಿಮ್ಮ ಊರು ನಗದಿದ್ದರೆ ಶಾಲು ಹಾಕಿ. ನಾನು ಬಾಯಿ ಮುಚ್ಚಿ ಹೊದ್ದುಕೊಂಡು ಮನೆಗೆ ಬರುತ್ತೇನೆ, ಇನ್ನು ಗೆಜ್ಜೆ ಮುಟ್ಟುದಿಲ್ಲ. ನಕ್ಕರೆ ಶಾಲು ವಾಪಸು ತಕ್ಕೊಂಡು ಹೋಗಬೇಕು.”

“ಎಂತ ತ್ಯಾಂಪಣ್ಣ, ಸನ್ಮಾನಕ್ಕೆ ಪಂಥವಾ?” ಎಂದು ಮಾಸ್ಟ್ರು ನಕ್ಕರು.

“ನೀವು ಈಗ ನಕ್ಕಿರಿ. ಇದು ಲೆಕ್ಕಕ್ಕಿಲ್ಲ” ಎಂದ ತಮ್ಮ.

ಮರುದಿನದಿಂದ ಕೋಲು ಹಿಡಿದು ಅಲೆವೂರಿಗೆ ಹೊರಟ. ಹೋಟೆಲಿನಲ್ಲಿ ಕೂತ. ಅವನನ್ನು ಕಂಡ ಕೂಡಲೇ ಜನ ಮಾತು ನಿಲ್ಲಿಸಿದರು. “ಕಾಲು ಹೇಗುಂಟು? ಎಣ್ಣೆ ಹಾಕ್ತೀರಾ?” ಎಂದು ಆಸ್ಪತ್ರೆಯಲ್ಲಿ ಕೇಳುವ ಹಾಗೆ ಕೇಳಿದರು. ಕ್ಷೌರದ ಅಂಗಡಿಯಲ್ಲೂ ಅದೇ. ಹಾಸ್ಯಗಾರನ ಎದುರು ಊರು ಗಂಭೀರವಾದರೆ ಅವನು ಎಂತ ತಿನ್ನುವುದು?

ಸಂಜೆ ಬರಿಗೈಯಲ್ಲಿ ಬಂದ. “ನನ್ನ ಅಂಗಡಿಯಲ್ಲಿ ಅಲೆವೂರಿನ ಸುದ್ದಿ ಬೇಕಾದಷ್ಟು ಬೀಳ್ತದೆ, ನಾನು ಹೇಳ್ತೇನೆ” ಎಂದೆ.

“ಬೇರೆಯವರ ಬಾಯಿಯ ಸುದ್ದಿ ನಿನ್ನೆಯ ನೀರುದೋಸೆ ಅಕ್ಕ. ಬಿಡಿಸಿದರೆ ಹರೀತದೆ.”

“ಹಾಗಾದರೆ ಮೊದಲು ಹೋಗಬೇಕಾದ ಮನೆಗೆ ಹೋಗು. ಅಲ್ಲಿ ಹೋಗದೆ ಊರೆಲ್ಲ ಸುತ್ತಿದರೆ ಎಂತ ಸಿಗ್ತದೆ?”

ಯಾವ ಮನೆ ಎಂದು ಅವನು ಕೇಳಲಿಲ್ಲ. ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಸೂರಪ್ಪಣ್ಣನ ಹೆಂಡತಿ ಕಮಲಕ್ಕ ಅಂಗಳದಲ್ಲಿ ಹುಲ್ಲು ಬಿಡಿಸುತ್ತಿದ್ದರು. ನಮ್ಮನ್ನು ಕಂಡು ಏಳಲಿಲ್ಲ. ಶೇಖರ ಒಳಗಿನಿಂದ ಇಣುಕಿದ, ಹೊರಗೆ ಬರಲಿಲ್ಲ.

ತ್ಯಾಂಪ ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, “ನೀವು ಹೇಳಿದ್ದು ತಪ್ಪಲ್ಲ. ಬಾರದ್ದು ತಪ್ಪು. ಆ ದಿನ ಮಧ್ಯಾಹ್ನ ಇಲ್ಲಿಗೆ ಬಂದಿದ್ದರೆ ನಿಮಗೆ ಗೊತ್ತಾಗ್ತಿತ್ತು. ಅದರ ಹಿಂದಿನ ವರ್ಷ ಬಂದಿರಿ, ಜಗಲಿಯಲ್ಲಿ ಕೂತಿರಿ, ಅವರ ಹತ್ತಿರ ಮಾತಾಡಿದಿರಿ. ಆಮೇಲೆ ಎಂತ ಆಯಿತು? ನಾವು ಚಾ ಕೊಟ್ಟದ್ದು ಸರಿ ಇರಲಿಲ್ಲವಾ?”

“ಈಗ ಬಂದೆ ಕಮಲಕ್ಕ.”

“ಈಗ ಬಂದರೆ ಈಗಿನ ಚಾ ಕುಡಿಯಿರಿ.”

ಕುಡಿದೆವು. ಬೆಲ್ಲದ ಚಾ. ಲೋಟ ಖಾಲಿಯಾಗುವ ಹೊತ್ತಿಗೆ ಕಮಲಕ್ಕ ಊರಿನ ಸುದ್ದಿಯನ್ನೆಲ್ಲ ಬುಟ್ಟಿ ಮಗುಚಿದ ಹಾಗೆ ಸುರಿದಿದ್ದರು. ತ್ಯಾಂಪನ ಕಣ್ಣು ಹೊಳೆಯುತ್ತಿತ್ತು. ಆ ಹೊಳಪನ್ನು ನಾನು ಆರು ತಿಂಗಳಿನಿಂದ ನೋಡಿರಲಿಲ್ಲ. ಚೌತಿಯವರೆಗೆ ದಿನಾ ಹೋದ. ಕಮಲಕ್ಕನ ಜಗಲಿಯಲ್ಲಿ ಅವನು ಕೂತದ್ದನ್ನು ಕಂಡ ಮೇಲೆ ಹೋಟೆಲಿನವರ ಬಾಯಿಯೂ ತೆರೆಯಿತು.

ಚೌತಿಯ ಮಧ್ಯಾಹ್ನ. ಶಾಲೆಯ ಜಗಲಿಯೇ ಸ್ಟೇಜು. ಊಟ ಮಾಡಿ ಹೊಟ್ಟೆ ಭಾರವಾದ ಜನ. ಹೊರಗೆ ಮಳೆ. ತಟ್ಟೆಯಲ್ಲಿ ಶಾಲು ಮಡಿಸಿ ಇಟ್ಟಿತ್ತು.

ತ್ಯಾಂಪ ಬಿಳಿ ಅಂಗಿ, ಪಂಚೆಯಲ್ಲಿ ನಿಂತ. ಬಣ್ಣವಿಲ್ಲ, ಗೆಜ್ಜೆಯಿಲ್ಲ. ನಿಜ ಹೇಳುತ್ತೇನೆ, ಯಾರೋ ಸಾಲ ಕೇಳಲು ಬಂದ ಮುದುಕನ ಹಾಗೆ ಕಂಡ. ಮೊದಲ ಮಾತು ಹೇಳಿದ. ಯಾರೂ ನಗಲಿಲ್ಲ. ಎರಡನೆಯದು ಹೇಳಿದ. ಒಬ್ಬರು ಕೆಮ್ಮಿದರು. ಮೇಳದಲ್ಲಾದರೆ ಮಾತು ಬಿದ್ದ ಕಡೆ ಚೆಂಡೆಯವನು ಒಂದು ಪೆಟ್ಟು ಹಾಕಿ ಎತ್ತುತ್ತಾನೆ. ಇಲ್ಲಿ ಎತ್ತುವವರು ಯಾರು? ಮಳೆಯಾ? ಅಧ್ಯಕ್ಷರ ಕೈ ಆಗಲೇ ತಟ್ಟೆಯ ಹತ್ತಿರ ಹೋಗಿತ್ತು. ಎಲ್ಲರೂ ಅವನನ್ನಲ್ಲ, ಮುಂದೆ ಕೂತಿದ್ದ ಶೇಖರನನ್ನು ನೋಡುತ್ತಿದ್ದರು. ಅವನು ನಕ್ಕರೆ ನಗಬಹುದು ಎಂದು.

ತ್ಯಾಂಪ ಮಾತು ನಿಲ್ಲಿಸಿದ. ಕೋಲನ್ನು ಗೋಡೆಗೆ ಒರಗಿಸಿದ. ಸಭೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

“ಹೋದ ಸಲ ನಾನು ಸತ್ತವರನ್ನು ಎಬ್ಬಿಸಲಿಕ್ಕೆ ಹೇಳಿದೆ. ದೊಡ್ಡ ತಪ್ಪು. ಈ ಸಲ ನೋಡಿದರೆ, ಬದುಕಿದ್ದವರನ್ನೂ ಎಬ್ಬಿಸಲಿಕ್ಕೆ ಆಗುದಿಲ್ಲವಲ್ಲ ಮಾರಾಯ್ರೆ!”

ಶೇಖರನ ಮೂಗಿನಿಂದ ಒಂದು ಸದ್ದು ಬಂತು. ತಡೆಯಲು ಬಾಯಿಗೆ ಕೈ ಒತ್ತಿಕೊಂಡ. ಬೆರಳ ಸಂದಿನಿಂದ ನಗು ಹೊರಗೆ ಬಂತು. ಅವನ ಹಿಂದೆ ಸಾಲಿಗೆ ಸಾಲು ಹೊರಟಿತು. ಆ ದಿನ ಅವನ ಹಿಂದೆ ಎದ್ದು ಹೋದವರೇ.

ಅಲ್ಲಿಂದ ಮುಂದೆ ತ್ಯಾಂಪ ಯಾರನ್ನೂ ಬಿಡಲಿಲ್ಲ. ಅಧ್ಯಕ್ಷರು ಹೊಸ ಹಲ್ಲಿನ ಸೆಟ್ಟು ಮಾಡಿಸಿದ್ದಾರೆ. ಊಟಕ್ಕೆ ತೆಗೆದಿಡುತ್ತಾರೆ, ಭಾಷಣಕ್ಕೆ ಹಾಕುತ್ತಾರೆ. “ತಿನ್ನಲಿಕ್ಕೆ ಹಲ್ಲಿಲ್ಲ, ಕಚ್ಚಲಿಕ್ಕೆ ಹಲ್ಲುಂಟು, ಇಂಥ ಪ್ರಾಣಿ ದೇವರೂ ಸೃಷ್ಟಿ ಮಾಡಲಿಲ್ಲ!” ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ವಸಂತ ಮಾಸ್ಟ್ರು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿ, ಮಾವನ ಮನೆಯಿಂದ ಕರೆ ಬಂದರೆ ಜ್ವರ ಎಂದು ಮಲಗುತ್ತಾರೆ. ಕಮಲಕ್ಕನನ್ನೂ ಬಿಡಲಿಲ್ಲ. ಆ ಚಾದ ಬೆಲ್ಲ ಹುಡುಕಲು ಲೋಟದೊಳಗೆ ಲಾಟೀನು ಇಳಿಸಬೇಕಾಯಿತಂತೆ. “ಇನ್ನು ಬನ್ನಿ, ಉಪ್ಪು ಹಾಕಿ ಕೊಡ್ತೇನೆ!” ಎಂದು ಅವರು ಕೂತಲ್ಲಿಂದಲೇ ಕೂಗಿದರು. ಅರ್ಧ ಗಂಟೆ ಎಂದದ್ದು ಎಷ್ಟಾಯಿತೋ.

ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಶಾಲು ಹಿಡಿದು ಬಂದರು. ಹಲ್ಲಿನ ಸಿಟ್ಟು ಮುಖದಲ್ಲಿ ಇನ್ನೂ ಇತ್ತು. “ಪಂಥ ಗಿಂಥ ಬಿಡಿ, ನೀವು ಹಿರಿಯರು” ಎಂದು ಹೆಗಲಿಗೇರಿಸಲು ಹೊರಟರು. ತ್ಯಾಂಪ ಅವರ ಎರಡೂ ಕೈ ಹಿಡಿದುಕೊಂಡ. “ಇಡೀ ಊರು ನಗುದನ್ನು ನೀವೂ ನೋಡಿದಿರಿ. ಮಾತು ಮಾತೇ.” ಜನ ‘ಬೇಡ, ಬೇಡ’ ಎಂದು ಕೂಗಿದರು. ಅಧ್ಯಕ್ಷರು ಶಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡರು.

ಇಷ್ಟೆಲ್ಲ ಆಯಿತು, ಯಜಮಾನರು ಓಡಿ ಬಂದು ವೀಳ್ಯ ಕೊಟ್ಟರು ಎಂದುಕೊಂಡಿರಾ? ಬರಲಿಲ್ಲ. ಬರುವುದೂ ಇಲ್ಲ. ಅವರು ಆಗಲೇ ಪ್ರಾಯದವನೊಬ್ಬನನ್ನು ಗೊತ್ತು ಮಾಡಿದ್ದಾರೆ. ಫಿಲ್ಮಿನಲ್ಲಾದರೆ ಬರುತ್ತಿದ್ದರೋ ಏನೋ.

ತ್ಯಾಂಪ ಅವರಿಗಾಗಿ ಕಾಯಲಿಲ್ಲ. ಕಾರ್ಕಳದ ಕಡೆ ಒಂದು ಸಣ್ಣ ಮೇಳ ಹೊರಡುತ್ತದಂತೆ, ಹಾಸ್ಯಕ್ಕೆ ಜನ ಬೇಕಂತೆ. ನಿನ್ನೆ ಬೆಳಗಿನ ಬಸ್ಸಿಗೆ ಹೋದ. “ಬೇಡ ಎಂದರೆ?” ಎಂದು ಕೇಳಿದೆ. “ಬೇಡ ಎನ್ನಲಿ. ಕಾಪುವಿನ ಕಡೆ ಇನ್ನೊಂದು ಉಂಟು. ಅಲ್ಲಿಯೂ ಬೇಡ ಎಂದರೆ ಒಬ್ಬನೇ ನಿಲ್ಲುತ್ತೇನೆ, ಈಗ ಅದೂ ಗೊತ್ತಾಯಿತಲ್ಲ” ಎಂದ. ಮೊಣಕಾಲಿಗೆ ಎಣ್ಣೆ ಹಾಕಿಕೊಳ್ಳಲು ಮರೆಯಬೇಡ ಎಂದೆ. ಸಂಜೆಯ ಬಸ್ಸಿಗೆ ಬರಲಿಲ್ಲ. ಕೂಡಲೇ ಬೇಡ ಎಂದಿದ್ದರೆ ರಾತ್ರಿಗೆ ಇಲ್ಲಿಗೆ ಬಂದು ಬೆಳಿಗ್ಗೆ ಕಾಪುವಿಗೆ ಹೊರಡುತ್ತಿದ್ದ. ಆದ್ದರಿಂದ ನಾನು ಅಂಗಡಿ ತೆರೆದು ನನ್ನ ಕೆಲಸ ನೋಡುತ್ತಿದ್ದೇನೆ.

ನಿಮ್ಮಲ್ಲೊಂದು ಮಾತು ಕೇಳಬೇಕು. ಒಬ್ಬ ಮುದುಕನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸುವ ಮೊದಲು, ‘ನಿಮ್ಮದು ಮುಗಿಯಿತಾ?’ ಎಂದು ಅವನನ್ನೇ ಒಮ್ಮೆ ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?