ಹೆಸರಿದ್ದ ತುಂಡು

ಔಷಧಿ ಅಂಗಡಿಯಲ್ಲಿ ಕತ್ತರಿ ಹಿಡಿಯುವುದಕ್ಕೂ ಒಂದು ಪದ್ಧತಿಯಿದೆ. ಗಿರಾಕಿ ಹದಿನೈದು ಗುಳಿಗೆಯ ಪೂರ್ತಿ ಸ್ಟ್ರಿಪ್ ಬೇಡ, ಹತ್ತು ಗುಳಿಗೆ ಸಾಕು ಎಂದರೆ, ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿಯನ್ನು ನಾವು ಇಟ್ಟುಕೊಳ್ಳುತ್ತೇವೆ. ಇಲ್ಲದಿದ್ದರೆ ಉಳಿದದ್ದು ಏನೆಂದು ನಮಗೇ ತಿಳಿಯುವುದಿಲ್ಲ. ಗಿರಾಕಿ ಒಯ್ಯುವುದು ಬರೀ ಬೆಳ್ಳಿ ಬಣ್ಣದ ತುಂಡು. ಅವನಿಗೆ ಹೇಗೆ ತಿಳಿಯಬೇಕು ಎಂದು ನಾನು ಹನ್ನೊಂದು ವರ್ಷ ಯೋಚಿಸಿರಲಿಲ್ಲ.

ಬೈಕುಲ್ಲಾ ಸ್ಟೇಷನ್ ಹತ್ತಿರದ ಆ ಅಂಗಡಿಯಲ್ಲಿ ಗುಳಿಗೆ ತೆಗೆದು ಕೊಡುವವಳು ನಾನೊಬ್ಬಳೇ. ಗೋಡೆಯ ಮೇಲಿನ ಸರ್ಟಿಫಿಕೇಟೂ ನನ್ನದೇ. ಮಾಲೀಕರು ಬಿಲ್ಲು ಮಾಡುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಡಬ್ಬಿ ಅದಲುಬದಲಾದರೆ ಅವರನ್ನೂ ಬಿಡುತ್ತಿರಲಿಲ್ಲ. ‘ತೆಗೆಯುವಾಗ ಒಮ್ಮೆ, ಕೊಡುವಾಗ ಒಮ್ಮೆ ಹೆಸರು ಓದಬೇಕು’ ಎಂದು ಕಪಾಟಿಗೆ ಚೀಟಿ ಅಂಟಿಸಿದವಳೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ರಂಜಾನ್ ತಿಂಗಳು. ಒಂದು ಬೆಳಿಗ್ಗೆ ಗಡ್ಡದಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡ ಮುದುಕರೊಬ್ಬರು ಬಿ.ಪಿ. ಗುಳಿಗೆಯ ಚೀಟಿ ತಂದರು. ಹಿಂದಿಯಲ್ಲಿ ಮಾತು ಶುರು ಮಾಡಿದವರು, ನಾನು ಫೋನಿನಲ್ಲಿ ಅಮ್ಮನ ಜೊತೆ ಆಡುತ್ತಿದ್ದ ಕನ್ನಡ ಕೇಳಿ ಅರಳಿಬಿಟ್ಟರು.

“ಯಾವೂರ ಬೇಟಿ? ನಾವು ಬಿಜಾಪುರದವ್ರು.”

“ಬೆಳಗಾವಿ, ಚಾಚಾ. ಶುಗರ್ ಐತೇನ ನಿಮಗ?”

“ಇಲ್ಲವಾ, ಬಿ.ಪಿ. ಒಂದ ಐತಿ. ರೋಜಾ ಬಿಡೂ ಹೊತ್ತಿಗೆ ಮೊದಲ ಗುಳಿಗಿ ನುಂಗತೀನಿ, ಆಮ್ಯಾಲೆ ಖಜೂರ. ಇಲ್ಲಾಂದ್ರ ಮರ್ತ ಬಿಡತೀನಿ.”

ಸೇತುವೆ ಪಕ್ಕದ ಗಾದಿ ಕಾರ್ಖಾನೆಯಲ್ಲಿ ಕೆಲಸ ಎಂದರು. ಬಿಜಾಪುರದ ಬಿಸಿಲು, ಜೋಳದ ರೊಟ್ಟಿ, ಈ ಊರಿನ ಸಪ್ಪೆ ಮೆಣಸಿನಕಾಯಿ ಎಲ್ಲ ಮಾತಾಡಿದೆವು. ಮಾತಿನ ನಡುವೆಯೇ ಸ್ಟ್ರಿಪ್ ತೆಗೆದು, ಹತ್ತು ಗುಳಿಗೆ ಕತ್ತರಿಸಿ, ಲಕೋಟೆಗೆ ಹಾಕಿ ಕೊಟ್ಟೆ. ಉಳಿದ ತುಂಡನ್ನು ಬಿ.ಪಿ. ಡಬ್ಬಿಯಲ್ಲಿಟ್ಟೆ. ಆ ದಿನವೆಲ್ಲ ನನ್ನ ಮನಸ್ಸು ಹಗುರವಾಗಿತ್ತು.

ಸಂಜೆ ಆರೂಕಾಲಿಗೆ ಇನ್ನೊಬ್ಬರು ಅದೇ ಗುಳಿಗೆ ಕೇಳಿದರು. ಡಬ್ಬಿ ತೆರೆದರೆ ಮೇಲೆಯೇ ಬೆಳಗಿನ ತುಂಡು. ಅದರ ಮೇಲಿದ್ದದ್ದು ಪಕ್ಕದ ಡಬ್ಬಿಯ ಗುಳಿಗೆಯ ಹೆಸರು. ಸಕ್ಕರೆ ಕಾಯಿಲೆಯ ಗುಳಿಗೆ. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಅಳತೆ.

ಆ ದಿನ ಬಿ.ಪಿ. ಡಬ್ಬಿಗೆ ನಾನು ಕೈ ಹಾಕಿದ್ದು ಚಾಚಾನ ಸ್ಟ್ರಿಪ್ಪಿನ ಉಳಿದ ತುಂಡು ಇಡುವಾಗ, ಅದೊಂದೇ ಸಲ. ಸಕ್ಕರೆ ಕಾಯಿಲೆಯೇ ಇಲ್ಲದ, ಬೆಳಗಿನಿಂದ ಹನಿ ನೀರೂ ಕುಡಿಯದ ಮುದುಕರು ಆ ಗುಳಿಗೆ ನುಂಗಿದರೆ ರಕ್ತದಲ್ಲಿನ ಸಕ್ಕರೆ ಕುಸಿಯುತ್ತದೆ. ಬೆವರುತ್ತಾರೆ, ತಲೆ ತಿರುಗುತ್ತದೆ, ಪ್ರಜ್ಞೆಯೂ ತಪ್ಪಬಹುದು. ಉಪವಾಸದ ನಿತ್ರಾಣ ಎಂದುಕೊಂಡು ಸುತ್ತಲಿನವರು ಮಲಗಿಸಿಬಿಡುತ್ತಾರೆ. ರೋಜಾ ಬಿಡುವ ಹೊತ್ತಿಗೆ ಅರ್ಧ ಗಂಟೆ ಉಳಿದಿತ್ತು. ಬಿಲ್ಲಿನ ಮೇಲೆ ಫೋನ್ ನಂಬರು ಬರೆದಿರಲಿಲ್ಲ.

ಮಾಲೀಕರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. “ಜಲ್ದೀ ಜಾ,” ಎಂದರು. ನಾನು ಸರಿಯಾದ ಗುಳಿಗೆ ಹಿಡಿದು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು: “ಗಲತೀ ಕಾ ನಾಮ್ ಮತ್ ಲೇನಾ!” ತಪ್ಪಿನ ಮಾತೆತ್ತದೆ, ಕಂಪನಿಯವರು ಮಾಲು ವಾಪಸ್ ಕರೆಸಿದ್ದಾರೆ ಎಂದು ಹೇಳಬೇಕಂತೆ.

ಸೇತುವೆ ಪಕ್ಕದಲ್ಲಿ ಗಾದಿ ಕಾರ್ಖಾನೆ ಒಂದಲ್ಲ, ಹಲವು. ಮೊದಲನೆಯದಕ್ಕೆ ಬೀಗ ಹಾಕಿತ್ತು. ಎರಡನೆಯದರಲ್ಲಿ ಬಿಜಾಪುರದವರು ಯಾರೂ ಇಲ್ಲ ಎಂದರು. ಫುಟ್‌ಪಾತಿನ ತುಂಬ ಹಣ್ಣಿನ ಗಾಡಿ, ಭಜಿಯ ಬಾಣಲೆ, ಮನೆಗೆ ಓಡುವ ಜನ. ಜನರನ್ನು ತಳ್ಳಿಕೊಂಡು ಓಡಿದೆ, ಬೈಗುಳ ತಿಂದೆ. ನನಗೆ ಅಳು ಬರುತ್ತಿತ್ತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಭಜಿ ಕರಿಯುವವನು ಜಾಲರಿ ಸೌಟಿನಲ್ಲೇ ದಾರಿ ತೋರಿಸಿದ: ಮೂರನೇ ಗಲ್ಲಿ, ಮೇಲಿನ ಮಾಳಿಗೆ.

ಮರದ ಏಣಿ ಹತ್ತಿ ಮೇಲೆ ಬಂದರೆ ಹತ್ತಿಯ ಮೂಟೆಗಳ ನಡುವೆ ಚಾಪೆ ಹಾಸಿ ಏಳೆಂಟು ಜನ ಕೂತಿದ್ದರು. ತಟ್ಟೆಗಳಲ್ಲಿ ಖರ್ಜೂರ, ಕಲ್ಲಂಗಡಿ. ಚಾಚಾನ ಎಡಗೈಯಲ್ಲಿ ಬೆಳ್ಳಿ ತುಂಡು, ಬಲ ಅಂಗೈಯಲ್ಲಿ ಒಂದು ಗುಳಿಗೆ.

“ಚಾಚಾ, ಬ್ಯಾಡ! ನುಂಗಬ್ಯಾಡ್ರಿ!”

ಎಲ್ಲರೂ ತಿರುಗಿದರು. ಗುಳಿಗೆಯನ್ನು ನಾನೇ ಕಿತ್ತುಕೊಂಡೆ. ತುಂಡಿನಲ್ಲಿದ್ದವನ್ನು ಎಣಿಸಿದೆ. ಒಂಬತ್ತು. ಕಿತ್ತುಕೊಂಡದ್ದೂ ಸೇರಿ ಹತ್ತೂ ಇದ್ದವು. ಅಲ್ಲೇ ಕೂತೆ.

“ಯಾಕ ಬೇಟಿ, ಏನಾತು?”

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಏಳೆಂಟು ಜೋಡಿ ಕಣ್ಣು ನನ್ನನ್ನೇ ನೋಡುತ್ತಿದ್ದವು. “ಕಂಪನಿಯವ್ರು ಈ ಮಾಲು ವಾಪಸ್ ತರಿಸ್ಯಾರ, ಚಾಚಾ. ಬ್ಯಾರೇದು ತಂದೀನಿ,” ಎಂದೆ. ಅಷ್ಟರಲ್ಲಿ ಅಜಾನ್ ಕೇಳಿಸಿತು. ಅವರು ತಮ್ಮ ತಟ್ಟೆಯಿಂದ ಮೊದಲ ಖರ್ಜೂರ ತೆಗೆದು ನನಗೇ ಕೊಟ್ಟರು. “ಓಡಿಕೋತ ಬಂದೀ, ನೀ ಮೊದಲ ತಿನ್ನು.” ತಿಂದೆ. ತಂದಿದ್ದ ಸರಿಯಾದ ಗುಳಿಗೆಯನ್ನು ಅವರ ಕೈಗಿಟ್ಟೆ. ಅವತ್ತು ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಹತ್ತು ದಿನಗಳ ನಂತರ ಅವರು ಜೊತೆ ಕೆಲಸದವನೊಬ್ಬನನ್ನು ಕರೆದುಕೊಂಡು ಬಂದರು. ಕೌಂಟರಿಗೆ ಕೈಯೂರಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ಔಷಧಿ ತಗೊಂಡ್ರ ಇಲ್ಲೇ ತಗೋಬೇಕು ನೋಡ್ರಿ. ಕಂಪನಿ ತಪ್ಪು ಮಾಡಿದ್ರ ಈಕಿ ಏಣಿ ಹತ್ತಿ ಬರತಾಳ. ಮೊದಲೆಲ್ಲ ಪೂರ್ತಿ ಸ್ಟ್ರಿಪ್ ತಂದು, ಕಾರ್ಖಾನಿ ಲೆಕ್ಕ ಬರಿಯೂ ಮುನ್ಶಿಗೆ ತೋರಿಸಿ ನುಂಗತಿದ್ದೆ. ಅವತ್ತ ನಮ್ಮ ಕನ್ನಡದ ಬೇಟಿ ಕೊಟ್ಟಾಳಂತ ಯಾರಿಗೂ ತೋರಿಸಿದ್ದಿಲ್ಲ.”

ಮಾಲೀಕರಿಗೆ ಕನ್ನಡ ಬಾರದಿದ್ದರೂ ಹೊಗಳಿಕೆ ಎಂದು ಗೊತ್ತಾಗಿ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಕಂಪನಿ ತಪ್ಪಲ್ಲ, ಚಾಚಾ. ನಾನ ತಪ್ಪು ಗುಳಿಗಿ ಕೊಟ್ಟಿದ್ದೆ. ಮಾತಿನಾಗ ಹೆಸರು ಓದಲಿಲ್ಲ. ಆಮ್ಯಾಲೆ ಸುಳ್ಳೂ ಹೇಳಿದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರ ಚೀಟಿಯನ್ನು ಮುಂದಿಟ್ಟರು. ನಾನು ಸ್ಟ್ರಿಪ್ ತೆಗೆದು ಕತ್ತರಿ ಎತ್ತಿದಾಗ ಕೈ ಅಡ್ಡ ಹಿಡಿದರು.

“ಹೆಸರಿದ್ದ ತುಂಡು ನನಗ ಕೊಡು, ಬೇಟಿ.”

ಕೊಟ್ಟೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತುಂಡನ್ನೂ ಚೀಟಿಯನ್ನೂ ಜೊತೆಯವನ ಕೈಗಿಟ್ಟರು. ಆತ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಎರಡನ್ನೂ ತಾಳೆ ನೋಡತೊಡಗಿದ. ಹಿಂದೆ ಗಿರಾಕಿಗಳು ನಿಂತಿದ್ದರು. ಆತ ಓದಿ ಮುಗಿಸಿ ತಲೆಯಾಡಿಸುವವರೆಗೆ ನಾನು ಕತ್ತರಿ ಕೆಳಗಿಟ್ಟು ಕಾದೆ.