ಸಾಲಿಗೆ ಬರದ ಮೂರು ಗ್ರಹಗಳು

ಚಿಕ್ಕಬಾಣಾವರದ ಅಕ್ಬರ್ ಪಾಷಾ ನಲವತ್ತು ವರ್ಷಗಳಿಂದ ಯಶವಂತಪುರದ ಒಂದು ಶೆಡ್ಡಿನಲ್ಲಿ ಯಂತ್ರದ ಹಲ್ಲುಚಕ್ರ, ಅಂದರೆ ಗೇರು, ಕತ್ತರಿಸುತ್ತಿದ್ದಾರೆ. ಅವರ ಗೇರುಗಳು ಎಷ್ಟೋ ಯಂತ್ರಗಳೊಳಗೆ ತಿರುಗುತ್ತಿವೆ. ಒಂದರ ಮೇಲೂ ಅವರ ಹೆಸರಿಲ್ಲ. ಕೆಂಪಾಪುರದ ಕಾಲೇಜೊಂದು ದೂರದ ನಕ್ಷತ್ರವೊಂದರ ಮೂರು ಗ್ರಹಗಳ ತಿರುಗುವ ಮಾದರಿ ಮಾಡಿಸಲು ಬಂದಾಗ ಪಾಷಾ ಕೇಳಿದ್ದು ಒಂದೇ: ‘ಕೆಳಗೆ ನಮ್ದು ಹೆಸರು ಹಾಕ್ತೀರಾ?’ ಕಾಲೇಜಿನ ಅಧ್ಯಕ್ಷರ ಹೆಸರಿನ ಕೆಳಗೆ, ಚಿಕ್ಕದೊಂದು ಹಿತ್ತಾಳೆ ಪಟ್ಟಿಯಲ್ಲಿ, ಹಾಕಿದರು.

ಲೆಕ್ಕ ಕೊಟ್ಟವಳು ನಾನು, ಖಗೋಳಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹೊರಗಿನ ಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನದು ಎರಡು, ಒಳಗಿನದು ನಾಲ್ಕು ಸುತ್ತು ಹಾಕುತ್ತದೆ. ಎರಡೆರಡು ಸಂಧಿಸುತ್ತವೆ, ಮೂರೂ ನಕ್ಷತ್ರದ ಒಂದೇ ಕಡೆ ಎಂದೂ ಸಾಲಾಗುವುದಿಲ್ಲ. ಸಾಲಾದರೆ ಸೆಳೆತಗಳು ಒಂದುಗೂಡಿ ದಾರಿ ಕೆಡುತ್ತದೆ. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಇದನ್ನು ಮೂರು ತರಗತಿ ಹೇಳುತ್ತಿದ್ದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಪಾಷಾ ಚಹಾ ಆರುವ ಮೊದಲೇ ಅರ್ಥವಾಯಿತೆಂದು ತಲೆಯಾಡಿಸಿದರು.

ಉದ್ಘಾಟನೆಯ ಬೆಳಿಗ್ಗೆ ಅಧ್ಯಕ್ಷ ಬ್ಯಾಟರಾಯಪ್ಪ ಬಂದರು. ಅಜ್ಜ ರಾಗಿ ಬೆಳೆದ ಹೊಲದಲ್ಲಿ ಮೊದಲು ಅಪಾರ್ಟ್‌ಮೆಂಟು, ಮಿಕ್ಕ ಜಾಗದಲ್ಲಿ ವಿದ್ಯೆ ಬೆಳೆದವರು.

‘ಏನ್ ಪಾಷಾ, ಮೂರೂ ಮೂರ್ ದಿಕ್ಕಿಗೆ ನಿಂತವೆ? ಆಸ್ತಿ ಭಾಗ ಕೇಳೋ ಅಣ್ತಮ್ಮಂದಿರ ತರ.’

‘ಅವು ಹಂಗೇ ಇರ್ಬೇಕು ಸಾಬ್.’

‘ಮಂತ್ರಿಗಳು ಬಟನ್ ಒತ್ತೋವಾಗ ಸಾಲಾಗಿ ಇರ್ಬೇಕು ಕಣಯ್ಯ. ಇಂಗೆ ನಿಂತ್ರೆ ಫೋಟೋ ಏನ್ ಚಂದ ಬರ್ತದೆ?’

‘ಹೆಬ್ಬಾಳ ಸರ್ಕಲ್‌ನಲ್ಲಿ ಮೂರ್ ಕಡೆ ಗಾಡಿ ಒಂದೇ ಸಲ ಬಂದ್ರೆ ಏನಾಗ್ತದೆ, ನೀವೇ ಹೇಳಿ. ಇವು ಟೈಮ್ ನೋಡ್ಕೊಂಡು ಬರ್ತವೆ, ಅದಕ್ಕೇ ಜಾಮ್ ಇಲ್ಲ.’

‘ನಿಂಗೇನಯ್ಯ ಕಷ್ಟ? ಸ್ಕ್ರೂ ಸಡಿಲ ಮಾಡಿ ತಿರುಗ್ಸು.’

‘ಕೆಳಗೆ ನಮ್ದು ಹೆಸರು ಇದೆಯಲ್ಲ ಸಾಬ್.’

ನಾನು ಆಕ್ಷೇಪಿಸಿದೆ. ‘ಮೇಡಮ್ಮೋರಿಗೆ ಒಂದು ಕುರ್ಚಿ ಹಾಕ್ರೋ’ ಎಂದರು ಬ್ಯಾಟರಾಯಪ್ಪ.

ಆಮೇಲೆ ಕಾಲೇಜಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಎರಡು ಸ್ಕ್ರೂ, ಐದು ನಿಮಿಷ. ಕೋಟ್ಯಂತರ ವರ್ಷ ಸಾಲಿಗೆ ಬರದ ಗ್ರಹಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾದವು. ಭೌತಶಾಸ್ತ್ರದ ಅಧ್ಯಾಪಕರು ಮೂವರು ಅಲ್ಲೇ ಇದ್ದರು. ಅವರೂ ಸಾಲಾಗಿಯೇ ನಿಂತಿದ್ದರು, ಹಾರ ಹಿಡಿದುಕೊಂಡು.

ಪಾಷಾ ಜೇಬಿನಿಂದ ತಮ್ಮ ಸ್ಕ್ರೂಡ್ರೈವರ್ ತೆಗೆದರು. ಇನ್ನೂ ಹೊಳಪು ಮಾಸದ ತಮ್ಮ ಹೆಸರಿನ ಹಿತ್ತಾಳೆ ಪಟ್ಟಿಯನ್ನು ಬಿಚ್ಚಿ, ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಹೊರಟರು. ಯಾರೂ ತಡೆಯಲಿಲ್ಲ, ಮಂತ್ರಿಗಳ ಕಾರು ಬಂದಿತ್ತು.

ಮಾದರಿ ಈಗಲೂ ತಿರುಗುತ್ತಿದೆ, ಗ್ರಹಗಳು ಪ್ರತಿ ಸುತ್ತಿಗೂ ತಪ್ಪದೆ ಸಾಲಾಗುತ್ತವೆ. ಕೆಳಗೆ ಉಳಿದಿರುವುದು ಅಂಗೈಯಗಲದ ಅಕ್ಷರಗಳಲ್ಲಿ ಒಂದೇ ಹೆಸರು, ಬ್ಯಾಟರಾಯಪ್ಪನವರದು. ತಪ್ಪಿನ ಕೆಳಗೆ ಸರಿಯಾದ ಸಹಿಯೇ ಇದೆ.